ಹೊಟ್ಟೆಯಲ್ಲಿ ಮಗು, ಕೈಯಲ್ಲಿ ಸ್ಕೋರ್ ಪುಸ್ತಕ

ನಮ್ಮಲ್ಲಿ ಕಲಿತು ಹೋದ ಹುಡುಗಿಯೊಬ್ಬಳು ಕಳೆದ ವರ್ಷ ಫೋನ್ ಮಾಡಿದ್ದಳು. ಹೈಸ್ಕೂಲಿನಲ್ಲಿ ಥ್ರೋಬಾಲ್ ತಂಡದ ನಾಯಕಿಯಾಗಿದ್ದವಳು. ಮದುವೆಯಾದ ಮೇಲೂ ರಜೆಯಲ್ಲಿ ಊರಿನ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದಳು. ಆಗ ಅವಳಿಗೆ ಐದು ತಿಂಗಳು.

"ಉಸ್ತಾದರೇ, ಈ ಸಲದ ಟೂರ್ನಮೆಂಟಿಗೆ ನಾನು ಬರ್ಬೋದಾ? ಆಡ್ಲಿಕ್ಕಲ್ಲ, ಎಂತಾದ್ರೂ ಕೆಲಸ ಇದ್ರೆ ಮಾಡ್ಲಿಕ್ಕೆ."

"ಬೇಡ ಮಗಳೇ, ಮನೆಯಲ್ಲಿ ರೆಸ್ಟ್ ಮಾಡು" ಎಂದುಬಿಟ್ಟೆವು.

"ಎಲ್ಲರೂ ಅದನ್ನೇ ಹೇಳುದು ಉಸ್ತಾದರೇ" ಎಂದು ಫೋನ್ ಇಟ್ಟಳು.

ಪಕ್ಕದಲ್ಲಿ ಕೇಳುತ್ತಿದ್ದ ನಮ್ಮ ಮನೆಯಾಕೆ, "ಬೇಡ ಅಂತ ಡಾಕ್ಟರು ಹೇಳಿದ್ದಾರಾ, ನೀವು ಹೇಳಿದ್ದಾ?" ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಲೇಷ್ಯಾದ ನೂರ್ ಸುರ್ಯಾನಿ ಎಂಟು ತಿಂಗಳ ಗರ್ಭಿಣಿಯಾಗಿದ್ದಾಗಲೇ ಏರ್ ರೈಫಲ್ ಹಿಡಿದು ಗುರಿಯಿಟ್ಟರು. 2024ರ ಪ್ಯಾರಿಸ್‌ನಲ್ಲಿ ಈಜಿಪ್ಟಿನ ಕತ್ತಿವರಸೆ ಆಟಗಾರ್ತಿ ನದಾ ಹಾಫೆಝ್ ಏಳು ತಿಂಗಳ ಬಸುರಿಯಾಗಿ ಮೊದಲ ಪಂದ್ಯ ಗೆದ್ದರು. ಇಬ್ಬರಿಗೂ ಪದಕ ಬರಲಿಲ್ಲ. ಅವರು ವರ್ಷಗಟ್ಟಲೆ ತರಬೇತಿ ಪಡೆದವರು, ಅವರನ್ನು ನೋಡಿ ನಮ್ಮ ಮಕ್ಕಳೂ ಕಣಕ್ಕೆ ಇಳಿಯಬೇಕೆಂದಲ್ಲ. ಆದರೆ ಗರ್ಭಿಣಿ ಅಂದ ಕೂಡಲೇ ಮೂಲೆಯ ಕುರ್ಚಿ ತೋರಿಸುವ ನಮ್ಮ ಅವಸರ ಸರಿಯಾ ಎಂದು ಯೋಚಿಸಬೇಕು.

ಒಂದು ಟೂರ್ನಮೆಂಟ್ ನಡೆಯಲು ಆಡುವವರು ಮಾತ್ರ ಸಾಕಾ? ಹೆಸರು ಬರೆಸಿಕೊಳ್ಳಲು, ಅಂಕ ಬರೆಯಲು, ಯಾವ ತಂಡ ಯಾವಾಗ ಆಡಬೇಕು ಎಂದು ಪಟ್ಟಿ ಮಾಡಲು, ಮೈಕಿನಲ್ಲಿ ಹೇಳಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನೋಡಿಕೊಳ್ಳಲು ಜನ ಬೇಕು. ಇವೆಲ್ಲ ಕೂತು ಮಾಡುವ ಕೆಲಸ. ಆಟ ಗೊತ್ತಿದ್ದವರು ಮಾಡಿದರೆ ಜಗಳವೂ ಕಡಿಮೆ.

ಮರುದಿನ ನಾವೇ ಫೋನ್ ಮಾಡಿದೆವು. ಅವಳು ಡಾಕ್ಟರರನ್ನು ಕೇಳಿ, ಗಂಡನ ಜತೆ ಬಂದಳು. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಸ್ಕೋರ್ ಬರೆದಳು. ಹತ್ತನೇ ಕ್ಲಾಸಾದ ಮೇಲೆ ಮಗಳಂದಿರನ್ನು ಮೈದಾನಕ್ಕೆ ಕಳುಹಿಸದ ಇಬ್ಬರು ತಾಯಂದಿರು ಅವಳು ಬರುವ ವಿಷಯ ಕೇಳಿ, "ಅವಳು ಇದ್ರೆ ನಮ್ಮವಳೂ ಬರ್ಲಿ" ಅಂದರು. ನಾವು ಎಷ್ಟು ಸಲ ಮನೆಮನೆಗೆ ಹೋಗಿ ಹೇಳಿದರೂ ಆಗದ ಕೆಲಸ ಅದು.

ಹಾಗಂತ ಎಚ್ಚರಿಕೆ ಬೇಡವೆಂದಲ್ಲ. ಗರ್ಭಿಣಿಯರೂ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಸಾಧಾರಣ ವ್ಯಾಯಾಮ ಮಾಡುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ಒಬ್ಬೊಬ್ಬರ ದೇಹಸ್ಥಿತಿ ಒಂದೊಂದು ಥರ, ಕೆಲವರಿಗೆ ವಿಶ್ರಾಂತಿಯೇ ಮದ್ದು. ಮೊದಲು ಡಾಕ್ಟರರ ಮಾತು, ಮತ್ತೆ ನಮ್ಮದು. ಚೆಂಡು ಬಂದು ಬಡಿಯುವ ಜಾಗದಲ್ಲಿ ಕೂರಬಾರದು. ಭಾರದ ಬೆಂಚು, ನೀರಿನ ಕ್ಯಾನ್ ಎತ್ತಬಾರದು. ಒಂದೇ ಕಡೆ ತಾಸುಗಟ್ಟಲೆ ಕೂರದೆ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ತಾಯಿ ಕಾರ್ಡ್ ಬ್ಯಾಗಿನಲ್ಲಿರಲಿ. ತಲೆ ಸುತ್ತಿದರೆ, ಹೊಟ್ಟೆ ನೋವು ಬಂದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆ ಅನಿಸಿದರೆ "ಈ ಮ್ಯಾಚ್ ಮುಗಿಯಲಿ" ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಆಟ ನಡೆಸುವವರಿಗೂ ಒಂದು ಮಾತು. ಬೆನ್ನಿಗೆ ಆಧಾರವಿರುವ ಕುರ್ಚಿ, ನೆರಳು, ಕುಡಿಯುವ ನೀರು, ಹತ್ತಿರದಲ್ಲೇ ಶುಚಿಯಾದ ಶೌಚಾಲಯ, ಸುಸ್ತಾದರೆ ಬದಲಿಗೆ ಕೂರಲು ಇನ್ನೊಬ್ಬರು, ಇಷ್ಟಿದ್ದರೆ ಸಾಕು. ಅಂದಿನ ಟೂರ್ನಮೆಂಟಿನಲ್ಲಿ ನಾವು ಕುರ್ಚಿ ಇಟ್ಟಿದ್ದೆವು, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿರಲಿಲ್ಲ. ಹುಡುಗಿ ನಾಚಿಕೊಂಡು ಪಕ್ಕದ ಮನೆಗೆ ಹೋಗಬೇಕಾಯಿತು. ಆ ತಪ್ಪು ನಮ್ಮದೇ.

ಅವಳಿಗೆ ಈಗ ಹೆಣ್ಣುಮಗು. ಮೊನ್ನೆ ಫೋನಿನಲ್ಲಿ, "ಈ ಸಲವೂ ಸ್ಕೋರ್ ನಾನೇ ಬರೆಯುದು. ಆ ಹೊತ್ತಿಗೆ ಮಗುವನ್ನು ನೀವು ಹಿಡ್ಕೊಳ್ಬೇಕು ಉಸ್ತಾದರೇ" ಎಂದಳು.

ಈ ಸಲ ನಾವು ಆಗಲಿ ಎಂದೆವು. ಬೀಗದ ಕೈಯನ್ನೂ ಮೊದಲೇ ತೆಗೆದಿಟ್ಟುಕೊಳ್ಳುತ್ತೇವೆ.