ಉಸಿರಿಗೊಂದು ಗೋಡೆ

ಗಂಗಕ್ಕ ತೀರಿಕೊಂಡ ರಾತ್ರಿ ಮಗಳು ಊಟಕ್ಕೆ ಬರಲಿಲ್ಲ.

ಗಂಗಕ್ಕ ಅಂದರೆ ನಾವಿಬ್ಬರೂ ಕಟ್ಟಿದ ಬಾಹ್ಯಾಕಾಶ ನಿಲ್ದಾಣದ ತೋಟಗಾತಿ. ಕಂಪ್ಯೂಟರ್ ಪರದೆಯ ಮೇಲೆ ಬೆರಳ ಗೆಣ್ಣಿನಷ್ಟು ಎತ್ತರದ ಹೆಂಗಸು. ಆಟದಲ್ಲಿ ಅವಳ ಹೆಸರು ಬೇರೆಯೇ ಇತ್ತು. ಧಾರವಾಡದ ನಮ್ಮ ಓಣಿಯಲ್ಲಿ ಹಿತ್ತಿಲ ತುಂಬ ಗಿಡ ಬೆಳೆಸುತ್ತಿದ್ದ ಒಬ್ಬರ ನೆನಪಿಗೆ ನಾವು ಮನೆಯಲ್ಲಿ ಅವಳನ್ನು ಹಾಗೆ ಕರೆಯುತ್ತಿದ್ದೆವು. ಉಲ್ಕೆಯೊಂದು ಬಂದು ಬಡಿದು ತೋಟದ ಗೋಡೆ ಒಡೆಯಿತು. ಒಳಗಿದ್ದ ಗಾಳಿಯೆಲ್ಲ ಆ ತೂತಿನಿಂದ ಹೊರಗೆ ಹರಿದುಹೋಯಿತು. ಇದ್ದದ್ದು ಒಂದೇ ಬಾಗಿಲು, ಅದೂ ದೂರದ ಮೂಲೆಯಲ್ಲಿ. ಅರ್ಧ ದಾರಿ ಓಡಿದ್ದಳು.

ಆ ಬಾಗಿಲನ್ನು ಅಲ್ಲಿಟ್ಟವನು ನಾನು. ಗೋಡೆಯ ಉದ್ದಕ್ಕೂ ಗಿಡಗಳ ಸಾಲು ಚೆಂದ ಕಾಣಲಿ ಎಂದು.

ಆಟದ ಹೆಸರು ಸ್ಪೇಸ್‌ಬೇಸ್ ಡಿಎಫ್-9. ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಡಬಲ್ ಫೈನ್ ಸಂಸ್ಥೆ, ಸನಿವೇಲ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಟಿಮ್ ಶೇಫರ್ 2000ದಲ್ಲಿ ಕಟ್ಟಿದ ಸಂಸ್ಥೆಗೆ ಹೆಸರು ಸಿಕ್ಕಿದ್ದು ಗೋಲ್ಡನ್ ಗೇಟ್ ಸೇತುವೆಯ ಹತ್ತಿರ ಹಿಂದೆ ಇದ್ದ ಒಂದು ಫಲಕದಿಂದ: ಇಲ್ಲಿ ನಿಯಮ ಮುರಿದರೆ ದಂಡ ಇಮ್ಮಡಿ. ಎರಡು ವಾರ ಎಲ್ಲ ಕೆಲಸ ಬದಿಗಿಟ್ಟು ಹೊಸ ಆಟಗಳ ಮಾದರಿ ಮಾಡುವ ಪದ್ಧತಿ ಅಲ್ಲಿತ್ತು. 2012ರಲ್ಲಿ ಯಾವ ಕಲ್ಪನೆ ಆಟವಾಗಬೇಕೆಂದು ಜನರಿಂದಲೇ ಮತ ಹಾಕಿಸಿದರು. ಈ ನಿಲ್ದಾಣ ಹುಟ್ಟಿದ್ದು ಹಾಗೆ.

ಕೆಲವೇ ಜನರ ಜೊತೆ ಆಟ ಶುರುವಾಗುತ್ತದೆ. ಸುತ್ತ ಕತ್ತಲು, ತೇಲುವ ಬಂಡೆಗಳು. ಬಂಡೆ ಅಗೆದು ತಂದದ್ದೇ ಕಟ್ಟಡದ ಸಾಮಗ್ರಿ. ನೆಲ ಹಾಸಿ, ಗೋಡೆ ಎತ್ತಿ, ಈ ಕೋಣೆ ಮಲಗಲು, ಇದು ಪಬ್, ಇದು ಆಸ್ಪತ್ರೆ ಎಂದು ಗುರುತು ಹಾಕುತ್ತಾ ಹೋಗಬೇಕು. ಯಾರಿಗೆ ಯಾವ ಕಸುಬು ಎಂದು ಹೇಳಬಹುದು. ಕೈಹಿಡಿದು ನಡೆಸಲಿಕ್ಕೆ ಮಾತ್ರ ಆಗುವುದಿಲ್ಲ. ಹಸಿವಾದಾಗ ಉಣ್ಣುತ್ತಾರೆ, ಬೇಸರವಾದರೆ ಹರಟುತ್ತಾರೆ, ‘ಸ್ಪೇಸ್‌ಫೇಸ್’ ಎಂಬ ಪುಟದಲ್ಲಿ ಮನಸ್ಸಿನ ಮಾತು ಬರೆದುಕೊಳ್ಳುತ್ತಾರೆ.

ಈ ಆಟವನ್ನು ನಾನು ಇಷ್ಟು ಹಚ್ಚಿಕೊಂಡದ್ದು ಗಾಳಿಗಾಗಿ. ಹೊಸ ಕೋಣೆ ಕಟ್ಟಿ ಮುಗಿಸಿದಾಗ ಅದು ಖಾಲಿ, ಅಕ್ಷರಶಃ ಖಾಲಿ, ಉಸಿರಾಡಲು ಏನೂ ಇಲ್ಲ. ಆಮ್ಲಜನಕದ ಯಂತ್ರ ಇಟ್ಟು, ವಿದ್ಯುತ್ ಕೊಟ್ಟು, ಬಾಗಿಲಿಂದ ಬಾಗಿಲಿಗೆ ಗಾಳಿ ಹರಿದು ತುಂಬುವವರೆಗೆ ಕಾಯಬೇಕು. ಜನ ಹೆಚ್ಚಾದರೆ ಗಾಳಿ ತೆಳುವಾಗುತ್ತದೆ. ನೋಡದೆ ಒಂದು ಗೋಡೆ ಕೆಡವಿದರೆ ನಾಲ್ಕು ಕೋಣೆಗಳ ಉಸಿರು ಹೋಗುತ್ತದೆ. ಊರು ಕಟ್ಟುವ ಬೇರೆ ಆಟಗಳಲ್ಲಿ ರಸ್ತೆ, ನೀರು, ತೆರಿಗೆಯ ಲೆಕ್ಕ ಇಟ್ಟವನು ನಾನು. ಗಾಳಿಯ ಲೆಕ್ಕ ಇಟ್ಟದ್ದು ಇದೇ ಮೊದಲು.

ಊರಿಂದ ಬಂದಿದ್ದ ಅವ್ವ ಒಂದು ದಿನ ಮೊಮ್ಮಗಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು ನೋಡಿದಳು. ಬಹಳ ಹೊತ್ತಿನ ಮೇಲೆ ಕೇಳಿದಳು: “ಅಲ್ಲ ತಂಗಿ, ಗಾಳೀನೂ ಲೆಕ್ಕಾ ಹಾಕಿ ಇಡಬೇಕೇನ ಅಲ್ಲೆ?”

ಹಾಕಲೇಬೇಕು. ನಾಸಾದ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದ ಆಮ್ಲಜನಕ ಸುಮಾರು 0.84 ಕಿಲೋ. 2000ದ ನವೆಂಬರ್‌ನಿಂದ ಒಂದು ದಿನವೂ ಜನರಿಲ್ಲದೆ ಇರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ವಿದ್ಯುತ್ತಿನಿಂದ ನೀರನ್ನು ಒಡೆದು ಅದನ್ನು ಪಡೆಯುತ್ತಾರೆ. ಆ ನೀರನ್ನೂ ಬಿಡುವ ಹಾಗಿಲ್ಲ. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶೋಧಿಸಿ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆಯುವ ಮಟ್ಟವನ್ನು 2023ರಲ್ಲಿ ಮುಟ್ಟಿದರು. ಇದನ್ನೆಲ್ಲ ಹೇಳಿದಾಗ ಅವ್ವ ಕಿಟಕಿಯ ಕಡೆ ನೋಡಿದಳು. ಕಿಟಕಿ ತೆರೆದಿತ್ತು.

ಅದೇ ಕಿಟಕಿಯನ್ನು ನಾವು ಟೇಪ್ ಅಂಟಿಸಿ ಮುಚ್ಚಿದ ದಿನಗಳಿದ್ದವು. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಬೆಳಗೇ ಆಗಲಿಲ್ಲ. ಕಾಡ್ಗಿಚ್ಚಿನ ಹೊಗೆ ಮಂಜಿನ ಪದರದ ಮೇಲೆ ಕವಿದು ಆಕಾಶ ಇಡೀ ಕಿತ್ತಳೆಯಾಗಿತ್ತು. ಹಗಲಲ್ಲೇ ಬೀದಿದೀಪ ಉರಿಯುತ್ತಿದ್ದವು. ಮುಂದಿನ ದಿನಗಳಲ್ಲಿ ಆ ಹೊಗೆ ಕೆಳಗಿಳಿಯಿತು. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದೆವು. ಪೆಟ್ಟಿಗೆ ಫ್ಯಾನಿಗೆ ಫಿಲ್ಟರ್ ಕಟ್ಟಿ ಒಂದೇ ಕೋಣೆಯಲ್ಲಿ ಮೂವರೂ ಮಲಗಿದೆವು. ಫೋನಿನಲ್ಲಿ ಗಾಳಿಯ ಗುಣಮಟ್ಟದ ಅಂಕಿ ನೋಡಿಯೇ ಕಸ ಹಾಕಲು ಹೊರಗೆ ಹೋಗುತ್ತಿದ್ದೆ. ಆಗಿನ್ನೂ ಚಿಕ್ಕವಳಿದ್ದ ಮಗಳಿಗೆ ಆ ದಿನಗಳು ಚೆನ್ನಾಗಿ ನೆನಪಿವೆ. ನಿಲ್ದಾಣದ ಏರ್‌ಲಾಕ್ ಎಂದರೇನು ಎಂದು ನಾನು ವಿವರಿಸಲು ಹೊರಟಾಗ, “ಹೊಗೆ ಬಂದಾಗ ನಾವು ಚಪ್ಪಲಿ ಬಿಡೋ ಜಾಗದ ಎರಡೂ ಬಾಗಿಲು ಒಟ್ಟಿಗೆ ತೆಗೀತಿರಲಿಲ್ವಲ್ಲ ಅಪ್ಪ, ಹಾಗೆ” ಅಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಮನೆ, ಊರು ಕಟ್ಟಿಸುವ ಆಟಗಳಿಗೆ ಈ ಸೀಮೆಯೇ ತವರು. ವಿಲ್ ರೈಟ್ ಅವರ ಸಿಮ್‌ಸಿಟಿ 1989ರಲ್ಲಿ ಹೊರಬಂದದ್ದು ಇಲ್ಲಿನ ಮ್ಯಾಕ್ಸಿಸ್ ಸಂಸ್ಥೆಯಿಂದ. 1991ರ ಅಕ್ಟೋಬರ್‌ನಲ್ಲಿ ಓಕ್ಲೆಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗ ರೈಟ್ ಅವರ ಮನೆ ಸುಟ್ಟುಹೋಯಿತು. ಒಂದೊಂದೇ ಸಾಮಾನು ಕೊಂಡು ಬಾಳು ಮತ್ತೆ ಕೂಡಿಸುವಾಗ ಹುಟ್ಟಿದ ಯೋಚನೆಯೇ 2000ದಲ್ಲಿ ದ ಸಿಮ್ಸ್ ಆಯಿತು.

ಸ್ಪೇಸ್‌ಬೇಸ್‌ನ ಕಥೆಗೆ ಅಂಥ ಸುಖದ ಮುಂದುವರಿಕೆ ಸಿಗಲಿಲ್ಲ. ಇಂಡೀ ಫಂಡ್ ಮತ್ತು ಇತರ ಹೂಡಿಕೆದಾರರ 4 ಲಕ್ಷ ಡಾಲರ್‌ನಿಂದ ಕೆಲಸ ನಡೆದು, 2013ರ ಅಕ್ಟೋಬರ್‌ನಲ್ಲಿ ಆಟ ಪೂರ್ತಿಯಾಗುವ ಮುಂಚೆಯೇ ಮಾರಾಟಕ್ಕೆ ಬಂತು. ಹಾಕಿದ ದುಡ್ಡು ಎರಡು ವಾರದಲ್ಲಿ ಮರಳಿತು. ಮುಂದೆ ಸೇರಿಸುವ ಸಂಗತಿಗಳ ಪಟ್ಟಿ ಉದ್ದವಿತ್ತು. ಆದರೆ ಮಾರಾಟದಿಂದ ಬರುವ ಹಣ ಕೆಲಸದ ಖರ್ಚಿಗೆ ಸಾಲದಾಯಿತು. 2014ರ ಸೆಪ್ಟೆಂಬರ್‌ನಲ್ಲಿ ಇನ್ನು ನಿಲ್ಲಿಸುತ್ತೇವೆ ಎಂದು ಸಂಸ್ಥೆ ಹೇಳಿತು. ಅಕ್ಟೋಬರ್‌ನಲ್ಲಿ 1.0 ಎಂಬ ಅಂಕಿ ಹೊತ್ತ ಕೊನೆಯ ಆವೃತ್ತಿ ಬಂತು.

ಕೊಂಡವರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಅವರು ಕೊಂಡದ್ದು ಇದ್ದ ಆಟವನ್ನಷ್ಟೇ ಅಲ್ಲ, ಬರಲಿರುವ ಆಟವನ್ನೂ. ಆದರೆ ಬಾಗಿಲು ಹಾಕುವಾಗ ಡಬಲ್ ಫೈನ್ ಒಂದು ದೊಡ್ಡ ಕೆಲಸ ಮಾಡಿತು: ಆಟ ನಡೆಯುವ ಲುವಾ ಭಾಷೆಯ ಕೋಡನ್ನು ಆಡುವವರ ಕೈಗೇ ಕೊಟ್ಟಿತು. ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು, ಎಷ್ಟೋ ಜನ ಅದರ ದೋಷಗಳನ್ನು ತಿದ್ದಿ ಹಂಚಿದರು. ಗೋಡೆ ಅರ್ಧಕ್ಕೇ ನಿಂತ ಮನೆಗೆ ಊರವರು ಮಾಡು ಹೊದಿಸಿದ ಹಾಗೆ. ನಮ್ಮ ಹಳೆಯ ಪ್ರತಿ ಇವತ್ತಿಗೂ ಓಡುತ್ತಿರುವುದು ಹಾಗೆ ತಿದ್ದಿದವರ ಋಣದಿಂದ.

ಬಾಹ್ಯಾಕಾಶದಲ್ಲಿ ಊರು ಕಟ್ಟುವ ಕನಸು ಆಟದವರದಷ್ಟೇ ಅಲ್ಲ. ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ದೂರಕ್ಕೆ ಹ್ಯಾಂಗರ್ ಒನ್ ಕಾಣುತ್ತದೆ, 1930ರ ದಶಕದಲ್ಲಿ ವಾಯುನೌಕೆಗಾಗಿ ಕಟ್ಟಿದ ಬೃಹತ್ ಕಮಾನು. ಅದರ ಪಕ್ಕದಲ್ಲೇ ನಾಸಾದ ಏಮ್ಸ್ ಸಂಶೋಧನಾ ಕೇಂದ್ರ. 1975ರ ಬೇಸಿಗೆಯಲ್ಲಿ ಏಮ್ಸ್ ಮತ್ತು ಸ್ಟ್ಯಾನ್‌ಫರ್ಡ್ ಸೇರಿ ಕರೆದ ವಿಜ್ಞಾನಿಗಳು, ಎಂಜಿನಿಯರುಗಳು ಹತ್ತು ವಾರ ಕೂತು ಬಾಹ್ಯಾಕಾಶದಲ್ಲಿ 10,000 ಜನರ ಊರೊಂದರ ನಕ್ಷೆ ಬರೆದರು. ಸುಮಾರು 1.8 ಕಿಲೋಮೀಟರ್ ಅಗಲದ ಚಕ್ರ. ನಿಮಿಷಕ್ಕೊಂದು ಸುತ್ತು ತಿರುಗಿ ಒಳಗಿನವರಿಗೆ ನೆಲದ ಸೆಳೆತ ಕೊಡುವಂಥದ್ದು. ಹೊಲವೆಲ್ಲಿ, ಮನೆಯೆಲ್ಲಿ, ಗಾಳಿ ಎಲ್ಲಿಂದ ಎಂದು ಅವರೂ ನಮ್ಮ ಹಾಗೇ ತಲೆ ಕೆಡಿಸಿಕೊಂಡಿದ್ದರು. ಡಾನ್ ಡೇವಿಸ್, ರಿಕ್ ಗೈಡಿಸ್ ಬಿಡಿಸಿದ ಆ ಚಿತ್ರಗಳು ಮಗಳ ಮೇಜಿನ ಮೇಲೆ ಅಂಟಿವೆ.

ಏಮ್ಸ್‌ನಲ್ಲಿ ಹಿಂದೆ ಹಣ್ಣುನೊಣಗಳ ಮೇಲೆ ಗುರುತ್ವದ ಪರಿಣಾಮ ಅಧ್ಯಯನ ಮಾಡಿದ ರವಿಕುಮಾರ ಹೊಸಮನಿ ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದಾರೆ. ಅವರೂ ಧಾರವಾಡ ಐಐಟಿಯ ಸುಧೀರ ಸಿದ್ದಾಪುರೆಡ್ಡಿ ಅವರೂ ರೂಪಿಸಿದ ಪ್ರಯೋಗವನ್ನು ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಸಿದರು. ತೂಕವಿಲ್ಲದ ಆ ಜಾಗದಲ್ಲಿ, ಪುಟ್ಟ ತಟ್ಟೆಗಳಲ್ಲಿ, ಹೆಸರುಕಾಳು ಮತ್ತು ಮೆಂತ್ಯ ಮೊಳಕೆಯೊಡೆದವು. ಸುದ್ದಿ ಬಂದ ದಿನ ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಅರಿವೆಯೊಳಗ ಕಟ್ಟಿದ್ರಂತೇನು ಎಂದು.

ಗಂಗಕ್ಕ ಹೋದ ಮೂರನೆಯ ದಿನ ಮಗಳು ಮತ್ತೆ ಕಂಪ್ಯೂಟರ್ ಮುಂದೆ ಕೂತಳು. ತೋಟವನ್ನು ನಿಲ್ದಾಣದ ಹೊರಅಂಚಿನಿಂದ ಒಳಗೆ ತಂದು, ನಾಲ್ಕೂ ಕಡೆ ಬೇರೆ ಕೋಣೆಗಳಿರುವಂತೆ ನಡುವೆ ಇಟ್ಟಳು. ಎರಡು ಬಾಗಿಲು, ಎದುರುಬದುರು. ನನ್ನನ್ನು ಮೌಸ್ ಮುಟ್ಟಲು ಬಿಡಲಿಲ್ಲ. ಅಡುಗೆಮನೆಯಲ್ಲಿ ಬಟ್ಟೆಗೆ ಕಟ್ಟಿಟ್ಟ ಹೆಸರುಕಾಳು ಬಿಳಿ ಬಾಲ ಬಿಟ್ಟಿತ್ತು. ಒಂದು ಹಿಡಿ ತಂದು ಅವಳ ಪಕ್ಕದಲ್ಲಿಟ್ಟೆ. ಹೊಸ ಕೋಣೆಯೊಳಗೆ ಗಾಳಿ ಇನ್ನೂ ತುಂಬುತ್ತಿತ್ತು. ಇಬ್ಬರೂ ಕಾಳು ತಿನ್ನುತ್ತಾ ಕಾಯುತ್ತಾ ಕೂತೆವು.