ದತ್ತಸಂಚಯದ ಫಲಗಳ ಪುಟವಿಭಾಗ ಕ್ರಮ

ತಾಳೆಯೋಲೆಯ ಗ್ರಂಥದ ಗರಿಗಳನ್ನು ದಾರದಲ್ಲಿ ಪೋಣಿಸಿ ಕಟ್ಟಿ, ಅಂಚಿನಲ್ಲಿ ಗರಿಯ ಸಂಖ್ಯೆಯನ್ನು ಬರೆಯುವುದು ಪೂರ್ವಿಕರ ಪದ್ಧತಿ. ದಾರವು ಹರಿದು ಗರಿಗಳು ಕಲೆತುಹೋದರೂ ಆ ಸಂಖ್ಯೆಯ ಬಲದಿಂದ ಗ್ರಂಥವು ಮತ್ತೆ ಕ್ರಮಕ್ಕೆ ಬರುವುದು. ಮುದ್ರಿತ ಪುಸ್ತಕದ ಪುಟಸಂಖ್ಯೆಯೂ ಹಾಗೆಯೇ ಸ್ಥಿರವಾದುದು. ಆದರೆ ಗಣಕಯಂತ್ರದ ದತ್ತಸಂಚಯವನ್ನು, ಎಂದರೆ ಡೇಟಾಬೇಸನ್ನು, ಪ್ರಶ್ನಿಸಿದಾಗ ಜಾಲತಾಣದಲ್ಲಿ ತೋರುವ ಪುಟಗಳು ಅಂಥವಲ್ಲ. ಅವು ಮೊದಲೇ ಬರೆದಿಟ್ಟವುಗಳಲ್ಲ. ಕೇಳಿದಾಗ ಕತ್ತರಿಸಿಕೊಡುವ ಭಾಗಗಳು. ಈ ಭೇದವನ್ನರಿಯದೆ ಅವುಗಳನ್ನು ಆಧಾರವಾಗಿಟ್ಟುಕೊಂಡರೆ ಸಂಶೋಧನೆಯ ನಿರ್ಣಯವೇ ತಪ್ಪುವ ಸಂಭವವುಂಟು.

ವಚನವಾಙ್ಮಯವು ಇದಕ್ಕೆ ತಕ್ಕ ಉದಾಹರಣೆ. ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವು ೧೫ ಸಂಪುಟಗಳಾಗಿ ಹೊರಬಂದಿತು. ಅನಂತರ ‘ವಚನ ಸಂಚಯ’ವೆಂಬ ಜಾಲತಾಣವು ವಚನಗಳನ್ನು ಪದ ಹಿಡಿದು ಹುಡುಕುವ ಅನುಕೂಲವನ್ನು ಕಲ್ಪಿಸಿತು. ಇಂತಹ ಯಾವುದಾದರೊಂದು ಸಂಚಯದಲ್ಲಿ, ಕಲಬುರಗಿಯ ಕುಸನೂರದಲ್ಲಿರುವ ಅಧ್ಯಾಪಕನೊಬ್ಬನು ಒಂದು ಪದವನ್ನು ಹುಡುಕಲು ೯೫ ವಚನಗಳು ದೊರೆತುವೆಂದಿಟ್ಟುಕೊಳ್ಳಬಹುದು. ಪುಟಕ್ಕೆ ೨೦ರಂತೆ ೫ ಪುಟಗಳಾಗುವುವು. ಕಡೆಯದರಲ್ಲಿ ೧೫ ಮಾತ್ರ ಉಳಿಯುವುವು. ಮೂರನೆಯ ಪುಟವನ್ನು ಕೇಳಿದರೆ ಯಂತ್ರವು ಮೊದಲಿನ ೪೦ನ್ನು ದಾಟಿ ಮುಂದಿನ ೨೦ನ್ನು ಕೊಡುವುದು. ಇದು ಎಣಿಕೆಯ ಕ್ರಮ.

ಈ ಕ್ರಮದಲ್ಲಿ ಮೂರು ದೋಷಗಳುಂಟು. ಮೊದಲನೆಯದು ಕ್ರಮವೇ ಇಲ್ಲದಿರುವುದು. ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ನಿರೂಪಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಸಾಲುಗಳಿಗೆ ಸ್ವಾಭಾವಿಕವಾದ ಪೂರ್ವಾಪರವಿಲ್ಲ. ಕೇಳುವವನು ವಿಧಿಸಿದರೆ ಮಾತ್ರ ಉಂಟು. ವಚನಕಾರರ ಹೆಸರಿನಿಂದ ಕ್ರಮಪಡಿಸಿದರೂ ಸಾಲದು. ಬಸವಣ್ಣನವರ ವಚನಗಳೆಲ್ಲಕ್ಕೂ ಹೆಸರು ಒಂದೇ ಆದುದರಿಂದ ಅವುಗಳೊಳಗಿನ ಕ್ರಮವು ಪ್ರತಿಸಲವೂ ಬೇರೆಯಾಗಬಹುದು. ಹೆಸರಿನೊಡನೆ ವಚನದ ಸಂಖ್ಯೆಯನ್ನೂ ಸೇರಿಸಿದಾಗಲೇ ಕ್ರಮವು ನಿಶ್ಚಿತವಾಗುವುದು.

ಎರಡನೆಯದು ಶ್ರಮ. ದಾಟಬೇಕಾದ ಸಾಲುಗಳನ್ನೂ ಯಂತ್ರವು ಸಾಮಾನ್ಯವಾಗಿ ಒಂದೊಂದಾಗಿ ಎಣಿಸಿಯೇ ಬಿಡಬೇಕು. ಆದುದರಿಂದ ಪುಟವು ಹಿಂದಕ್ಕೆ ಹೋದಷ್ಟೂ ವಿಳಂಬವು ಹೆಚ್ಚುವುದು.

ಮೂರನೆಯದು ಎಲ್ಲಕ್ಕೂ ಘನವಾದುದು. ಅಧ್ಯಾಪಕನು ಮೊದಲ ಪುಟವನ್ನು ಓದುತ್ತಿರುವಾಗ ಸಂಪಾದಕನು ಪುನರುಕ್ತವಾದ ಐದನೆಯ ವಚನವನ್ನು ತೆಗೆದುಹಾಕಿದನೆನ್ನಿ. ಆಗ ೨೧ನೆಯದು ೨೦ನೆಯದಾಗಿ ಮೊದಲ ಪುಟಕ್ಕೆ ಸರಿಯುವುದು. ಎರಡನೆಯ ಪುಟವನ್ನು ತೆರೆದವನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹೊಸ ವಚನವನ್ನು ಮೊದಲಲ್ಲಿ ಸೇರಿಸಿದರೆ ೨೦ನೆಯದು ಎರಡು ಸಲ ಕಾಣುವುದು. ಎರಡು ಸಲ ಕಂಡುದನ್ನು ಓದುಗನು ಗುರುತಿಸಬಲ್ಲನು. ಕಾಣದೆ ಹೋದುದನ್ನು ಗುರುತಿಸುವುದೆಂತು? ಅಂಥವನು ‘ಈ ಪ್ರಯೋಗವು ಇಂತಹ ಶರಣರಲ್ಲಿ ಇಲ್ಲ’ ಎಂದು ಬರೆದರೆ ಆ ಮಾತು ಪಾಠಗಳಲ್ಲಿಯೂ ಗ್ರಂಥಗಳಲ್ಲಿಯೂ ಹಬ್ಬುವುದು.

ಇದಕ್ಕೆ ಪರಿಹಾರವು ಗುರುತಿನ ಕ್ರಮ. ‘೨೦ನ್ನು ದಾಟು’ ಎನ್ನದೆ ‘ಕಡೆಯಲ್ಲಿ ಕಂಡ ಹೆಸರಿಗೂ ಸಂಖ್ಯೆಗೂ ಮುಂದಿನ ೨೦ನ್ನು ಕೊಡು’ ಎಂದು ಕೇಳುವುದು. ಅನುಕ್ರಮಣಿಕೆಯಿದ್ದರೆ ಯಂತ್ರವು ನೇರವಾಗಿ ಆ ಸ್ಥಾನಕ್ಕೆ ಹೋಗುವುದು. ಹಿಂದೆ ಏನು ಸೇರಿದರೂ ಕಳೆದರೂ ಮುಂದಿನದು ತಪ್ಪುವುದಿಲ್ಲ. ಆದರೆ ಇದರಲ್ಲಿ ನಡುವಣ ಪುಟಕ್ಕೆ ಹಾರಿಹೋಗುವ ಸೌಕರ್ಯವಿಲ್ಲ. ಓದಿ ಮುಗಿಸಿದ ಭಾಗದಲ್ಲಿ ಹೊಸದಾಗಿ ಸೇರಿದುದನ್ನು ಕಾಣಲು ಮತ್ತೆ ಮೊದಲಿಂದ ಹುಡುಕಬೇಕು.

ಕನ್ನಡಕ್ಕೆ ಸಂಬಂಧಿಸಿದ ವಿಶೇಷವೊಂದುಂಟು. ಯೂನಿಕೋಡ್ ಸಂಕೇತಾವಳಿಯಲ್ಲಿ ಳಕಾರವು ಲಕಾರದ ಮುಂದೆ, ವಕಾರಕ್ಕಿಂತ ಮೊದಲು ನಿಂತಿದೆ. ವರ್ಣಮಾಲೆಯಲ್ಲಿಯಾದರೋ ಅದು ಹಕಾರದ ಅನಂತರದ್ದು. ಸಂಕೇತವನ್ನೇ ನಂಬಿದ ಪಟ್ಟಿಯಲ್ಲಿ ‘ಕಳೆ’ಯು ‘ಕವಿ’ಗಿಂತ ಮೊದಲು ಬರುವುದು, ನಿಘಂಟಿನ ಅಭ್ಯಾಸವುಳ್ಳವನು ಅದನ್ನು ಕಡೆಯ ಪುಟದಲ್ಲಿ ಹುಡುಕಿ ಇಲ್ಲವೆಂದುಕೊಳ್ಳುವನು. ಆದುದರಿಂದ ಕನ್ನಡದ ಅಕ್ಷರಕ್ರಮವನ್ನು ಯಂತ್ರಕ್ಕೆ ವಿಧಿಸುವುದು ಅವಶ್ಯಕ.

ಹೀಗಿರಲಾಗಿ, ಜಾಲತಾಣದ ಪುಟಸಂಖ್ಯೆಯನ್ನು ಪ್ರಮಾಣವಾಗಿ ಉದಾಹರಿಸುವುದು ಯುಕ್ತವಲ್ಲ. ವಚನಕಾರನ ಹೆಸರು, ಸಂಪುಟ, ವಚನದ ಸಂಖ್ಯೆ, ನೋಡಿದ ದಿನ ಇವುಗಳನ್ನು ಕೊಡುವುದೇ ಸಾಧುವಾದ ಮಾರ್ಗ. ‘ಇಲ್ಲ’ ಎಂದು ನಿರ್ಣಯಿಸುವ ಮೊದಲು ಒಟ್ಟು ಸಂಖ್ಯೆಗೂ ಕಂಡ ವಚನಗಳ ಎಣಿಕೆಗೂ ತಾಳೆ ನೋಡಿ, ಸಂದೇಹವುಂಟಾದಲ್ಲಿ ಮುದ್ರಿತ ಸಂಪುಟವನ್ನು ತೆರೆದು ನೋಡತಕ್ಕದ್ದು.