ಹೊಟ್ಟೆನೋವೆಲ್ಲ ಗ್ಯಾಸ್ಟ್ರಿಕ್ ಅಲ್ಲ: ಮೇದೋಜೀರಕ ಗ್ರಂಥಿಯ ಕಾಯಿಲೆಗಳು

ನೆರೆಯ ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ್ ಪರಿಕ್ಕರ್ ಅವರು 2019ರ ಮಾರ್ಚ್ 17ರಂದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡಾಗ 'ಪ್ಯಾಂಕ್ರಿಯಾಸ್' ಎಂಬ ಹೆಸರು ಕರಾವಳಿಯ ಅನೇಕ ಮನೆಗಳಿಗೆ ಮೊದಲ ಬಾರಿ ತಲುಪಿತು. ಹೆಸರು ತಲುಪಿದರೂ ಅಭ್ಯಾಸ ಬದಲಾಗಿಲ್ಲ. ಕರಾವಳಿಯಲ್ಲಿರಲಿ, ಘಟ್ಟ ಹತ್ತಿ ಶಿರಸಿ ಮಾರ್ಗವಾಗಿ ಹೋದರೆ ಸಿಗುವ ಹಾನಗಲ್, ಶಿಗ್ಗಾಂವಿ ಕಡೆಯ ಹಳ್ಳಿಗಳಲ್ಲಿರಲಿ, ಮೇಲ್ಹೊಟ್ಟೆ ನೋವು ಬಂದರೆ ಗ್ಯಾಸ್ಟ್ರಿಕ್ ಮಾತ್ರೆ, ಕಣ್ಣು ಹಳದಿಯಾದರೆ ಕಾಮಾಲೆಗೆ ನಾಟಿ ಔಷಧ. ಇದರಿಂದ ಕಳೆದುಹೋಗುವ ದಿನಗಳ ಬಗ್ಗೆ ನಾವು ಇಲ್ಲಿ ಹೇಳಬೇಕಾಗಿದೆ.

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡಂತೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂ.ಮೀ. ಉದ್ದದ ಅಂಗ. ಇದರ ಕೆಲಸ ಎರಡು. ಅನ್ನ, ರೊಟ್ಟಿ, ಮೀನು, ಎಣ್ಣೆ ಎಲ್ಲವನ್ನೂ ಜೀರ್ಣಿಸುವ ರಸವನ್ನು ಕರುಳಿಗೆ ಕಳುಹಿಸುವುದು, ಸಕ್ಕರೆ ಕಾಯಿಲೆ ಬಾರದಂತೆ ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಸೇರಿಸುವುದು.

ಈ ಜೀರ್ಣರಸ ಕರುಳನ್ನು ತಲುಪಿದ ಮೇಲೆ ಮಾತ್ರ ಚುರುಕಾಗಬೇಕು. ಗ್ರಂಥಿಯೊಳಗೇ ಚುರುಕಾದರೆ ಅದು ಗ್ರಂಥಿಯನ್ನೇ ಜೀರ್ಣಿಸಲು ಆರಂಭಿಸುತ್ತದೆ. ಇದೇ ತೀವ್ರ ಉರಿಯೂತ. ಮುಖ್ಯ ಕಾರಣಗಳು ಎರಡು: ಪಿತ್ತಕೋಶದಿಂದ ಜಾರಿ ನಾಳದ ಬಾಯಿಗೆ ಸಿಕ್ಕಿಕೊಂಡ ಕಲ್ಲು ಮತ್ತು ಮದ್ಯಪಾನ. ನೋವು ಹೊಕ್ಕುಳ ಮೇಲೆ ಹಠಾತ್ತಾಗಿ ಹಿಡಿದು ಬೆನ್ನಿಗೆ ಹೊಡೆಯುತ್ತದೆ, ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ತುಸು ಹಗುರವಾಗುತ್ತದೆ, ವಾಂತಿ ನಿಲ್ಲುವುದಿಲ್ಲ. ಇಂಥವರಿಗೆ ಸೋಡಾ ಕುಡಿಸುತ್ತಾ ಬೆಳಗಾಗಲಿ ಎಂದು ಕಾಯಬಾರದು. ಹೆಚ್ಚಿನವರು ಸಲೈನ್ ಮತ್ತು ನೋವಿನ ಔಷಧದಿಂದ ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ, ಆದರೆ ಐದರಲ್ಲಿ ಒಬ್ಬರಿಗೆ ಕಾಯಿಲೆ ಉಲ್ಬಣಿಸಿ ಕಿಡ್ನಿ, ಶ್ವಾಸಕೋಶಗಳಿಗೂ ಪೆಟ್ಟು ಬೀಳಬಹುದು. ಯಾರು ಆ ಒಬ್ಬರು ಎಂಬುದು ಮೊದಲ ರಾತ್ರಿ ಮನೆಯಲ್ಲಿ ಕುಳಿತು ತಿಳಿಯುವಂಥದ್ದಲ್ಲ.

ಮತ್ತೆ ಮತ್ತೆ ಉರಿಯೂತವಾದರೆ ಗ್ರಂಥಿ ಒಣಗಿ ಗಟ್ಟಿಯಾಗುತ್ತದೆ. ಮಲ ಎಣ್ಣೆಯಂತೆ ತೇಲುತ್ತದೆ, ಮೈ ಇಳಿಯುತ್ತದೆ, ಸಕ್ಕರೆ ಕಾಯಿಲೆ ಜೊತೆಗೂಡುತ್ತದೆ. ಕುಡಿತದಿಂದಲೇ ಇದು ಬರುತ್ತದೆಂದು ತೀರ್ಪು ಕೊಡಲು ನಮ್ಮಲ್ಲಿ ಬಹಳ ಮಂದಿ ಸಿದ್ಧರಿದ್ದಾರೆ. ಆದರೆ ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಒಂದು ತೊಟ್ಟೂ ಮುಟ್ಟದ ಯುವಕ ಯುವತಿಯರ ಗ್ರಂಥಿಯಲ್ಲಿ ಕಲ್ಲುಗಳಾಗುವ ಕಾಯಿಲೆಯನ್ನು ವೈದ್ಯರು ದಶಕಗಳಿಂದ ಗುರುತಿಸಿದ್ದಾರೆ. ರೋಗಿಯನ್ನು ನೋಡಲು ಹೋದವರು ನಡತೆಯ ವಿಚಾರಣೆ ನಡೆಸದಿರುವುದು ಒಳ್ಳೆಯದು.

ಇನ್ನು ಗಡ್ಡೆಯ ವಿಷಯ. ಕ್ಯಾನ್ಸರ್ ಹೆಚ್ಚಾಗಿ ಗ್ರಂಥಿಯ ತಲೆಭಾಗದಲ್ಲಿ ಹುಟ್ಟುತ್ತದೆ. ಪಿತ್ತನಾಳ ಹಾದುಹೋಗುವುದು ಅಲ್ಲಿಯೇ. ನಾಳ ಒತ್ತಿಕೊಂಡಾಗ ಪಿತ್ತ ರಕ್ತಕ್ಕೆ ಸೇರಿ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಮೈಯೆಲ್ಲ ತುರಿಸುತ್ತದೆ. ಜ್ವರವಿರುವುದಿಲ್ಲ, ನೋವೂ ಇಲ್ಲದಿರಬಹುದು. ಇಲ್ಲೇ ಮೋಸಹೋಗುವುದು. ಯುವಕರಿಗೆ ಬರುವ ವೈರಸ್ ಕಾಮಾಲೆ ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ನಾಟಿ ಔಷಧಕ್ಕೆ ಸಲ್ಲುತ್ತದೆ. ಅದೇ ಔಷಧವನ್ನು ಅರವತ್ತು ದಾಟಿದವರಿಗೆ ಪಥ್ಯಸಹಿತ ಒಂದು ತಿಂಗಳು ಕೊಟ್ಟರೆ ಶಸ್ತ್ರಚಿಕಿತ್ಸೆಯ ಅವಕಾಶವೇ ಕೈತಪ್ಪಬಹುದು. ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಯೋಗ್ಯರಾಗಿ ಉಳಿದಿರುವವರು ನೂರರಲ್ಲಿ ಹದಿನೈದಿಪ್ಪತ್ತು ಮಂದಿ ಮಾತ್ರ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿ, ಜೊತೆಗೆ ತೂಕವೂ ಇಳಿಯುತ್ತಿದ್ದರೆ ಅದನ್ನೂ ವೈದ್ಯರ ಗಮನಕ್ಕೆ ತರಬೇಕು. ತಂಬಾಕು ಈ ಕ್ಯಾನ್ಸರ್‌ಗೆ ಖಚಿತ ಕಾರಣಗಳಲ್ಲೊಂದು.

ಹಾಗೆಂದು ಹಳದಿ ಕಣ್ಣೆಲ್ಲ ಕ್ಯಾನ್ಸರ್ ಅಲ್ಲ. ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಹೀಗಾಗುತ್ತದೆ, ಎಂಡೋಸ್ಕೋಪಿ ಮೂಲಕ ಅದನ್ನು ತೆಗೆಯಬಹುದು. ಅಲ್ಟ್ರಾಸೌಂಡ್ ಮೊದಲ ಹೆಜ್ಜೆ, ಆದರೆ ಕರುಳಿನ ಗಾಳಿ ಅಡ್ಡ ಬಂದು ಗ್ರಂಥಿ ಸರಿಯಾಗಿ ಕಾಣದಿರಬಹುದಾದ್ದರಿಂದ ವೈದ್ಯರು ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರೆ ಅದನ್ನು ದುಡ್ಡಿನ ಆಸೆ ಎಂದು ತಳ್ಳಿಹಾಕಬಾರದು.

ಹಾನಗಲ್ಲಿನವರಿಗೆ ಹಾವೇರಿಯ ಜಿಲ್ಲಾಸ್ಪತ್ರೆ ಹತ್ತಿರ, ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ, ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮನೆಭೇಟಿಗೆ ಹೋಗುವ ನಮ್ಮ ಕಾರ್ಯಕರ್ತರು ಪಡಿತರ ಚೀಟಿ, ಆಧಾರ್ ಮತ್ತು ಈ ಪತ್ರವನ್ನು ಒಟ್ಟುಗೂಡಿಸಿಕೊಟ್ಟರೆ ಆಸ್ಪತ್ರೆಯಲ್ಲಿ ಅಲೆದಾಟ ತಪ್ಪುತ್ತದೆ.